ಅಪ್‌ಡೇಟ್: ಜರ್ನಲ್ ಬೇರಿಂಗ್ ಬಿಸಿಯಾಗದಿದ್ದರೂ ಕಂಪನ ಏಕೆ? ಕಾರಣ ಸಿಕ್ಕಿತು

ನಿಮಿಷಕ್ಕೆ 3000 ಸುತ್ತು ತಿರುಗುವ ಬ್ಲೋವರ್‌ನ ಜರ್ನಲ್ ಬೇರಿಂಗ್ (ಶಾಫ್ಟ್ ತೆಳು ಎಣ್ಣೆಯ ಪದರದ ಮೇಲೆ ತೇಲಿ ತಿರುಗುವ ಬೇರಿಂಗ್) ತಾಪಮಾನ ಮಿತಿಯೊಳಗಿದೆ, ಆದರೂ ಕಂಪನ ಹೆಚ್ಚು. ಬೇರಿಂಗ್ ಸರಿಯಿದೆಯೇ ಎಂದು ತಿಳಿಯುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಮೊದಲು ಭಾರ, ವೇಗ, ಕ್ಲಿಯರೆನ್ಸ್ (ಶಾಫ್ಟ್ ಮತ್ತು ಬೇರಿಂಗ್ ನಡುವಿನ ಸಂದು) ಮತ್ತು ಎಣ್ಣೆಯ ಸ್ನಿಗ್ಧತೆಯಿಂದ (ಮಂದತೆಯಿಂದ) ಸಾಮರ್‌ಫೆಲ್ಡ್ ಸಂಖ್ಯೆ ಲೆಕ್ಕ ಹಾಕಿದೆವು; ಬೇರಿಂಗಿನಲ್ಲಿ ಎಣ್ಣೆಯ ಪದರ ಹೇಗಿರುತ್ತದೆ ಎಂದು ಅಂದಾಜಿಸಲು ಬಳಸುವ ಸಂಖ್ಯೆ ಇದು. ಈ ಸಂಖ್ಯೆಯಿಂದ ಪದರದ ದಪ್ಪ ಓದಿಕೊಳ್ಳುವ 1958ರ ರೈಮಂಡಿ–ಬಾಯ್ಡ್ ನಕ್ಷೆಗಳ ಪ್ರಕಾರ ಎಣ್ಣೆಯ ಪದರ ಧಾರಾಳವಾಗಿ ದಪ್ಪವಿತ್ತು. ದಪ್ಪವಿದ್ದಷ್ಟೂ ಕ್ಷೇಮ ಎನ್ನಿಸುವುದು ಸಹಜ. ಆದರೆ ಭಾರ ಸಾಲದೆ ಶಾಫ್ಟ್ ಬೇರಿಂಗಿನ ನಡುವಿಗೆ ಹತ್ತಿರವಾಗಿ ತೇಲಿದರೆ, ಸುತ್ತುವ ಎಣ್ಣೆಯೇ ಅದನ್ನು ತನ್ನೊಂದಿಗೆ ತಳ್ಳಿಕೊಂಡು ಹೋಗುತ್ತದೆ.

ಪರಸ್ಪರ 90 ಡಿಗ್ರಿಯಲ್ಲಿ ಎರಡು ಪ್ರಾಕ್ಸಿಮಿಟಿ ಪ್ರೋಬ್ (ಮುಟ್ಟದೆಯೇ ಶಾಫ್ಟ್‌ನ ಚಲನೆ ಅಳೆಯುವ ಸಂವೇದಕ) ಕೂರಿಸಿದಾಗ ಇದೇ ಕಂಡಿತು. ತಿರುಗುವ ವೇಗ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಕಂಪನದ ದೊಡ್ಡ ಪಾಲು ಸುಮಾರು 23 ಹರ್ಟ್ಸ್‌ನಲ್ಲಿ. ವೇಗದ ಅರ್ಧಕ್ಕಿಂತ ತುಸು ಕೆಳಗಿನ ಈ ಆವರ್ತನ ಆಯಿಲ್ ವರ್ಲ್‌ನ, ಅಂದರೆ ಎಣ್ಣೆ ಹೀಗೆ ಶಾಫ್ಟನ್ನು ತಳ್ಳಿ ಸುತ್ತಿಸುವುದರ, ಸ್ಪಷ್ಟ ಗುರುತು. ಎಣ್ಣೆಯ ಮಾದರಿಯಲ್ಲಿ ಬೇರಿಂಗ್ ಸವೆತದ ಸೂಚನೆಯಾದ ಲೋಹದ ಕಣಗಳು ಹೆಚ್ಚಿರಲಿಲ್ಲ ಎಂಬುದು ದೊಡ್ಡ ಸಮಾಧಾನ.

ತಯಾರಕರು ಹೇಳಿದ ಮಿತಿಯೊಳಗೇ ಎಣ್ಣೆಯನ್ನು ಸ್ವಲ್ಪ ಹೆಚ್ಚು ಬಿಸಿಯಾಗಿ ಕೊಟ್ಟೆವು. ಸ್ನಿಗ್ಧತೆ ತಗ್ಗಿತು, ಶಾಫ್ಟ್ ಕೆಳಗೆ ಕುಳಿತಿತು, ಕಂಪನ ಇಳಿಯಿತು. ತಾಪಮಾನವೊಂದನ್ನೇ ನೋಡುತ್ತಿದ್ದರೆ ಈ ದಾರಿ ಯಾರಿಗೂ ಹೊಳೆಯುತ್ತಿರಲಿಲ್ಲ. ಇದು ತಾತ್ಕಾಲಿಕ ಉಪಾಯ ಮಾತ್ರ. ಮುಂದಿನ ಶಟ್‌ಡೌನ್‌ನಲ್ಲಿ ಟಿಲ್ಟಿಂಗ್ ಪ್ಯಾಡ್ ಬೇರಿಂಗ್ (ಓಲುವ ಪ್ಯಾಡ್‌ಗಳಿಂದ ಈ ಸುತ್ತಾಟವನ್ನು ತಡೆಯುವ ಬೇರಿಂಗ್) ಹಾಕಿಸಲು ಕೋರಿದ್ದೇನೆ.