‘ಒರಿಜಿನಲ್ ಗೇಜು’: ಈ ಎರಡು ಮಾತಿಗೂ ನಮ್ಮಲ್ಲಿ ಏನಿದೆ?

ನಮಸ್ಕಾರ.

ಹಾಸನದ ಬಿಡಿಭಾಗದ ಅಂಗಡಿಯೊಂದರಲ್ಲಿ ‘ಹಳೇ ಮ್ಯಾಸಿ ಟ್ರ್ಯಾಕ್ಟರಿಗೆ ಒರಿಜಿನಲ್ ಟೆಂಪರೇಚರ್ ಗೇಜು ಇದೆಯಾ’ ಎಂದು ಕೇಳಿದೆ. ಹೊಚ್ಚ ಹೊಸ ಡಬ್ಬ ತಂದಿಟ್ಟರು. ‘ಇದಲ್ಲ, ಒರಿಜಿನಲ್’ ಎಂದೆ. ‘ಒರಿಜಿನಲ್ಲೇ ಸಾರ್, ಸ್ಟಿಕ್ಕರ್ ನೋಡಿ’ ಎಂದರು. ಇಬ್ಬರೂ ಒಂದೇ ಮಾತು ಆಡುತ್ತಿದ್ದೆವು, ಅರ್ಥ ಮಾತ್ರ ಬೇರೆ ಬೇರೆ. ಅವರಿಗೆ ಒರಿಜಿನಲ್ ಎಂದರೆ ಡೂಪ್ಲಿಕೇಟ್ ಅಲ್ಲದ್ದು. ನನಗೆ ಬೇಕಿದ್ದದ್ದು ಗಾಡಿಯ ಜೊತೆಗೇ ಬಂದದ್ದು.

ಹಿನ್ನೆಲೆ ಇಷ್ಟು. ಆಲೂರಿನ ಕಡೆ ನಮ್ಮ ಮಾವನ ಮನೆಯಲ್ಲಿ ಹಳೆಯ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರ್ ಇದೆ. ಯಾವಾಗಲೋ ರಿಪೇರಿಗೆ ಬಿಟ್ಟಾಗ ಮುಂದಿನ ಹಲಗೆಯ ಮೀಟರುಗಳನ್ನೆಲ್ಲ ಕಿತ್ತು ಹೊಸವನ್ನು ಹಾಕಿದ್ದರು. ಹಳೆಯವು ಅಟ್ಟದ ಮೇಲೆ ಬಿಸ್ಕತ್ ಡಬ್ಬಿಯಲ್ಲಿ ಸಿಕ್ಕವು. ಅವನ್ನು ಮತ್ತೆ ಕೂರಿಸುವ ಕೆಲಸ ನಡೆದಿದೆ. ಮುಂದೆ ಮಕ್ಕಳಿಗೆ ಬೇಕಾಗಬಹುದು ಎಂದು ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅಲ್ಲೇ ಸಿಕ್ಕಿಬಿದ್ದದ್ದು.

ಮೊದಲು ‘ಗೇಜು’. ಪಠ್ಯಪುಸ್ತಕ ‘ಮಾಪಕ’ ಎನ್ನುತ್ತದೆ: ಉಷ್ಣತಾಮಾಪಕ, ವಾಯುಭಾರಮಾಪಕ, ಮಳೆಮಾಪಕ. ತಪ್ಪೇನಿಲ್ಲ. ಆದರೆ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟದವರು ಮಳೆ ಅಳೆಯುವುದು ಡಬ್ಬಿ ಮತ್ತು ಗಾಜಿನ ಅಳತೆ ಕೊಳವೆಯಲ್ಲಿ. ಅಲ್ಲಿ ನಿಜವಾಗಿಯೂ ಅಳತೆ ನಡೆಯುತ್ತದೆ. ಮಾರ್ಚ್-ಏಪ್ರಿಲ್‌ನ ಹೂಮಳೆಯ ಮಾರನೆಯ ದಿನ ‘ನಿಮ್ಮಲ್ಲಿ ಎಷ್ಟು ಸೆಂಟು?’ ಎಂದೇ ಮಾತು ಶುರು. ನೂರು ಸೆಂಟು ಸೇರಿದರೆ ಒಂದು ಇಂಚು ಮಳೆ. ಟ್ರ್ಯಾಕ್ಟರ್ ಮೇಲೆ ಕೂತವನು ಹಾಗೆ ಅಳೆಯುತ್ತಾ ಕೂರುವುದಿಲ್ಲ. ಅವನು ನೋಡುವುದು ಮುಳ್ಳನ್ನು. ‘ಮುಳ್ಳು ಏಳ್ತಿಲ್ಲ’, ‘ಮುಳ್ಳು ಕೆಂಪಿಗೆ ಹೋಯ್ತು’, ‘ಮುಳ್ಳು ಸತ್ತಿದೆ’. ನಮ್ಮ ಕಡೆ ಇಡೀ ಗೇಜಿಗೇ ಮುಳ್ಳು ಎನ್ನುವವರಿದ್ದಾರೆ: ಆಯಿಲ್ ಮುಳ್ಳು, ಚಾರ್ಜ್ ಮುಳ್ಳು, ಬಿಸಿ ಮುಳ್ಳು. ಗಡಿಯಾರಕ್ಕೂ ತಕ್ಕಡಿಗೂ ಮುಳ್ಳು ಇದ್ದೇ ಇದೆ, ಹೊಸ ಮಾತೇನಲ್ಲ.

ಚಾರ್ಜ್ ಮುಳ್ಳನ್ನೇ ನೋಡಿ. ಅದರ ಸೊನ್ನೆ ನಡುವೆ ಇರುತ್ತದೆ. ಡೈನಮೋ ಬ್ಯಾಟರಿಗೆ ಕರೆಂಟು ತುಂಬುತ್ತಿದ್ದರೆ ಒಂದು ಕಡೆ ವಾಲುತ್ತದೆ, ಬ್ಯಾಟರಿ ಖಾಲಿಯಾಗುತ್ತಿದ್ದರೆ ಇನ್ನೊಂದು ಕಡೆ. ಎಷ್ಟು ಆಂಪಿಯರ್ ಎಂದು ಯಾರೂ ಓದುವುದಿಲ್ಲ, ಯಾವ ಕಡೆ ಎಂದಷ್ಟೇ ನೋಡುತ್ತಾರೆ. ಇದು ತಕ್ಕಡಿಯ ಮುಳ್ಳೇ ಅಲ್ವಾ? ಇದನ್ನು ‘ವಿದ್ಯುತ್ ಪ್ರವಾಹ ಮಾಪಕ’ ಎಂದು ಬರೆಯಲು ನನಗೆ ಕೈ ಬರಲಿಲ್ಲ.

‘ಗೇಜು’ ಎಂದೇ ಬಿಡೋಣ ಎಂದರೆ ಇಲ್ಲಿ ಇನ್ನೊಂದು ತಮಾಷೆ. ಹಾಸನ–ಮಂಗಳೂರು ರೈಲು ನೋಡಿಕೊಂಡು ಬೆಳೆದವರಿಗೆ ಗೇಜು ಎಂದರೆ ಹಳಿಯ ಅಗಲ. 1,000 ಮಿಲಿಮೀಟರಿನ ಮೀಟರ್ ಗೇಜ್ ಹೋಗಿ 1,676ರ ಬ್ರಾಡ್ ಗೇಜ್ ಬಂತು. ‘ಮೀಟರ್’ ಉದ್ದಕ್ಕೂ ಆಗುತ್ತದೆ, ಯಂತ್ರಕ್ಕೂ ಆಗುತ್ತದೆ. ‘ಗೇಜ್’ ಅಗಲಕ್ಕೂ ಆಗುತ್ತದೆ, ಯಂತ್ರಕ್ಕೂ ಆಗುತ್ತದೆ. ‘ಮೀಟರ್ ಗೇಜು ಹಾಳಾಗಿದೆ’ ಎಂದು ಬರೆದರೆ ನಮ್ಮ ಮಾವ ಸ್ಟೇಷನ್ನಿಗೆ ಹೊರಟಾರು.

ಇನ್ನು ನಡುವಿನ ದೊಡ್ಡ ಬಿಲ್ಲೆ. ಫರ್ಗ್ಯುಸನ್‌ನವರು ಅದಕ್ಕೆ ‘ಟ್ರ್ಯಾಕ್ಟರ್‌ಮೀಟರ್’ ಎಂದು ಹೆಸರಿಟ್ಟಿದ್ದರು. ಫೋರ್ಡ್‌ನವರು ಅಂಥದ್ದನ್ನೇ ‘ಪ್ರೂಫ್‌ಮೀಟರ್’ ಎಂದರು. ಅಂದರೆ ಅವರಿಗೂ ಒಂದು ಪದ ಕುದುರಿರಲಿಲ್ಲ. ಎಂಜಿನ್ನಿನ ಸುತ್ತು, ಯಾವ ಗೇರಿನಲ್ಲಿ ಎಷ್ಟು ವೇಗ, ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ದಂಡ (ಪಿಟಿಒ) ನಿಮಿಷಕ್ಕೆ 540 ಸುತ್ತಿಗೆ ಬರುವ ಗುರುತು, ಓಡಿದ ಗಂಟೆ, ಎಲ್ಲ ಒಂದೇ ಮುಖದಲ್ಲಿ. ಊರಲ್ಲಿ ಇದು ‘ಗಂಟೆ ಮೀಟರು’. ಬಾಡಿಗೆ ಗಂಟೆ ಲೆಕ್ಕದಲ್ಲಿ, ಹಾಗಾಗಿ ಉಳಿದದ್ದು ಯಾರಿಗೂ ಬೇಡ.

ಆದರೆ ಈ ಗಂಟೆ ಗಡಿಯಾರದ ಗಂಟೆಯಲ್ಲ. ಒಳಗಿರುವುದು ಹಲ್ಲಿನ ಚಕ್ರಗಳು, ಅವು ಎಂಜಿನ್ನಿನ ಸುತ್ತು ಎಣಿಸುತ್ತವೆ. ಇಷ್ಟು ಸುತ್ತಿಗೆ ಒಂದು ಗಂಟೆ ಎಂದು ಲೆಕ್ಕ. ಸುಮ್ನೆ ಬದುವಿನ ಮೇಲೆ ನಿಲ್ಲಿಸಿ ಸಣ್ಣಗೆ ಓಡಿಸಿಕೊಂಡಿದ್ದರೆ ಒಂದು ಗಂಟೆ ಕಳೆದರೂ ಅದರಲ್ಲಿ ಒಂದು ಗಂಟೆ ಏರುವುದಿಲ್ಲ. ನಮ್ಮವರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ಬೀಳುವ ಬೀಜದ ಲೆಕ್ಕದಲ್ಲಿ ‘ಐದು ಕೊಳಗದ ಗದ್ದೆ’ ಎಂದು ಹೊಲವನ್ನೇ ಅಳೆದವರು ನಾವು. ಅಲ್ಲಿ ಕೊಳಗ ಹೇಗೋ ಇಲ್ಲಿ ಗಂಟೆ ಹಾಗೆ.

ಮೆಕ್ಯಾನಿಕ್ ಒಬ್ಬರ ಬಾಯಲ್ಲಿ ಕೇಳಿದ ಎರಡು ಮಾತು ಹೇಳಲೇಬೇಕು. ಗಾಜು ಹಿಡಿದಿರುವ ಅಂಚಿನ ಲೋಹದ ಉಂಗುರಕ್ಕೆ ಅವರು ‘ಬಳೆ’ ಎನ್ನುತ್ತಾರೆ. ‘ಬಳೆ ಮುರೀದಂಗೆ ಬಿಚ್ಚಿ, ಮಡಿಕೆ ಒಂದೊಂದೇ ಎಬ್ಬಿಸಿ’ ಎಂದರು. ಬಿಸಿ ಮುಳ್ಳಿನಿಂದ ಎಂಜಿನ್ನಿಗೆ ಹೋಗುವ ಕೂದಲೆಳೆಯಂಥ ತಾಮ್ರದ ಕೊಳವೆಗೆ ‘ನರ’. ಶಾಲೆಯಲ್ಲಿ ಓದಿದ ‘ಲೋಮನಾಳ’ ಇದೇ. ಕೊಳವೆಯ ತುದಿಯ ಗುಂಡಿನಲ್ಲಿ ಬೇಗ ಆವಿಯಾಗುವ ದ್ರವ ಇರುತ್ತದೆ. ನೀರು ಬಿಸಿಯಾದಂತೆ ಆವಿಯ ಒತ್ತಡ ಏರಿ ಮುಳ್ಳು ತಿರುಗುತ್ತದೆ. ಹಳೆಯದನ್ನು ಬಿಚ್ಚುವಾಗ ಯಾರೋ ಇಕ್ಕಳದಲ್ಲಿ ಆ ಕೊಳವೆಯನ್ನೇ ಕತ್ತರಿಸಿದ್ದರು. ‘ನರ ಕಟ್ ಆದ್ಮೇಲೆ ಮುಗೀತು’ ಎಂದರು ಅವರು. ಬೆಸುಗೆ ಹಾಕಿದರೆ ಸಾಲದು, ಒಳಗಿನದನ್ನು ಮತ್ತೆ ತುಂಬಿಸಬೇಕು.

ದೂರದ ಊರಿಗೆ ಕಳಿಸಿ ತುಂಬಿಸಿಕೊಂಡು ಬಂದು, ಗುಂಡನ್ನು ಕುದಿಯುವ ನೀರಿಗೆ ಇಳಿಸಿ ನೋಡಿದೆ. ಫ್ಯಾರನ್‌ಹೀಟ್ ಡಯಲ್. 212 ತೋರಿಸಬೇಕಿದ್ದ ಮುಳ್ಳು ಸ್ವಲ್ಪ ಕೆಳಗೇ ನಿಂತಿತು. ಇನ್ನೇನು ಮುಳ್ಳು ಕಿತ್ತು ಬೇರೆ ಕಡೆ ಕೂರಿಸಬೇಕು, ಆಗ ಹೊಳೆಯಿತು: ನಮ್ಮೂರು ಸಮುದ್ರಮಟ್ಟದಿಂದ ಸುಮಾರು 950 ಮೀಟರು ಮೇಲಿದೆ. ಇಲ್ಲಿ ನೀರು ಕುದಿಯುವುದೇ ಹತ್ತಿರ ಹತ್ತಿರ 97 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ 207 ಫ್ಯಾರನ್‌ಹೀಟ್. ಮುಳ್ಳು ಸರಿಯಾಗೇ ಇತ್ತು.

ಈಗ ‘ಒರಿಜಿನಲ್’. ‘ಅಸಲಿ’ ಎಂದರೆ ಎದುರಿಗೆ ‘ನಕಲಿ’ ಬಂದು ನಿಲ್ಲುತ್ತದೆ, ಮತ್ತೆ ಅದೇ ಅಂಗಡಿಯ ಜಗಳ. ‘ಮೂಲ ಮೀಟರು’ ಎಂದರೆ ಆಸ್ಪತ್ರೆಯ ನೆನಪು ಬರುತ್ತದೆ, ಕ್ಷಮಿಸಿ. ರಿಸ್ಟೋರ್ ಎನ್ನುವುದರ ತಂಟೆಗೇ ಹೋಗಲಿಲ್ಲ. ‘ಟ್ರ್ಯಾಕ್ಟರ್ ಜೀರ್ಣೋದ್ಧಾರ’ ಎಂದರೆ ಊರವರು ರಸೀದಿ ಪುಸ್ತಕ ಎಲ್ಲಿ ಎಂದು ಕೇಳುತ್ತಾರೆ.

ಯೋಚಿಸುತ್ತಿದ್ದಾಗ ಕರ್ಣನ ಕವಚ ನೆನಪಾಯಿತು. ಅದನ್ನು ‘ಸಹಜ ಕವಚ’ ಎನ್ನುತ್ತಾರೆ. ಸಹ ಎಂದರೆ ಜೊತೆ, ಜ ಎಂದರೆ ಹುಟ್ಟಿದ್ದು. ಈಗ ‘ಸಹಜ’ ಎಂದರೆ ಮಾಮೂಲಿ ಎನ್ನುವಷ್ಟಕ್ಕೆ ಇಳಿದಿದೆ, ಆದರೆ ಅದರ ಹಳೆಯ ಅರ್ಥವೇ ನನಗೆ ಬೇಕಾದದ್ದು. ಅದನ್ನು ಕನ್ನಡದಲ್ಲಿ ಬಿಡಿಸಿದರೆ ‘ಒಡಹುಟ್ಟು’. ಅಣ್ಣತಮ್ಮಂದಿರಿಗೆ ಆಗುವ ಮಾತು ಮೀಟರಿಗೆ ಯಾಕಾಗಬಾರದು? ಹಾಗಾಗಿ ನೋಟ್‌ಬುಕ್ಕಿನಲ್ಲಿ ‘ಬಿಸಿ ಮುಳ್ಳು – ಒಡಹುಟ್ಟಿನದು’, ‘ಚಾರ್ಜ್ ಮುಳ್ಳು – ಒಡಹುಟ್ಟಿನದು’ ಎಂದು ಬರೆದಿದ್ದೇನೆ. ಆಯಿಲ್ ಮುಳ್ಳು ಬೇರೆ ಗಾಡಿಯಿಂದ ತಂದದ್ದು, ಅದೂ ಅದೇ ಕಾಲದ್ದು. ‘ಹಾಗಾದರೆ ಅದು ದಾಯಾದಿ’ ಎಂದಳು ಹೆಂಡತಿ.

ನನ್ನ ಪ್ರಶ್ನೆ ಎರಡೇ. ನಿಮ್ಮ ಕಡೆಯ ಡ್ರೈವರ್‌ಗಳು, ಮೆಕ್ಯಾನಿಕ್‌ಗಳು ಇಡೀ ಗೇಜಿಗೆ ‘ಮುಳ್ಳು’ ಎನ್ನುತ್ತಾರಾ, ಅಥವಾ ಬೇರೆ ಮಾತಿದೆಯಾ? ಮತ್ತೆ, ಗಾಡಿ, ಮನೆ, ಬಾಗಿಲು ಯಾವುದಕ್ಕಾದರೂ ಸರಿ, ‘ಮೊದಲಿಂದ ಜೊತೆಗೇ ಬಂದದ್ದು’ ಎನ್ನಲು ನಿಮ್ಮ ಮನೆಯ ಹಿರಿಯರು ಬಳಸುವ ಒಂದೇ ಪದ ಇದ್ದರೆ ತಿಳಿಸಿ. ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಲ್ಲೇ ಬರೆದಿದ್ದೇನೆ.