ಕೆರೆಯ ದೋಣಿಗೆ ಚಾರ್ಜಿಂಗ್: ಅರ್ಥಿಂಗ್ ತಂತಿ ಕತ್ತರಿಸಬಹುದೇ?

ಪ್ರಶ್ನೆ (ತೋಟದಮನೆ, ವಿರಾಜಪೇಟೆ):
ಮಾನ್ಯರೇ, ನಮ್ಮ ಕಾಫಿ ತೋಟದ ಕೆರೆಯಲ್ಲಿ ಹೋಂಸ್ಟೇ ಅತಿಥಿಗಳಿಗಾಗಿ ಬ್ಯಾಟರಿ ಮೋಟಾರಿನ ಅಲ್ಯೂಮಿನಿಯಂ ದೋಣಿಯೊಂದಿದೆ. ರಾತ್ರಿ ಪಂಪ್‌ಹೌಸ್‌ನಿಂದ 230 ವೋಲ್ಟ್ ಕೇಬಲ್ ಎಳೆದು, ದೋಣಿಗೇ ಬೋಲ್ಟ್ ಮಾಡಿರುವ ಚಾರ್ಜರ್‌ಗೆ ಕೊಡುತ್ತೇವೆ. ಎರಡೇ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿರುವ ಭಾಗದ ರಿವೆಟ್‌ಗಳ ಸುತ್ತ ಬಿಳಿ ಪುಡಿ ಕಟ್ಟಿದ್ದು, ಉಗುರಿನಿಂದ ಕೆರೆದರೆ ಸಾಸಿವೆ ಕಾಳಿನಷ್ಟು ಗುಳಿಗಳು ಕಾಣುತ್ತವೆ. ಕೇಬಲ್‌ನ ಹಸಿರು ತಂತಿಯನ್ನು, ಅಂದರೆ ಅರ್ಥಿಂಗ್ ತಂತಿಯನ್ನು, ಕತ್ತರಿಸಿದರೆ ಸವೆತ ನಿಲ್ಲುತ್ತದೆ ಎಂದು ಪರಿಚಯದ ಎಲೆಕ್ಟ್ರೀಷಿಯನ್ ಹೇಳುತ್ತಾರೆ. ಕತ್ತರಿಸಬಹುದೇ?

ಉತ್ತರ (ಮಡಿಕೇರಿಯಿಂದ):
ದಯವಿಟ್ಟು ಕತ್ತರಿಸಬೇಡಿ. ನಿಮ್ಮ ಎಲೆಕ್ಟ್ರೀಷಿಯನ್ ಹೇಳಿದ್ದರಲ್ಲಿ ಹುರುಳಿದೆ; ಪಂಪಿನ ಸತುವಿನ ಲೇಪ ಸವೆದ ಜಿಐ ಪೈಪು ಮತ್ತು ಹಿತ್ತಾಳೆಯ ಫೂಟ್ ವಾಲ್ವ್ ಅದೇ ಕೆರೆಯಲ್ಲಿ ಮುಳುಗಿದ್ದರೆ, ಅರ್ಥಿಂಗ್ ತಂತಿಯ ಮೂಲಕ ಅವು ದೋಣಿಗೆ ಸೇರಿಕೊಂಡು ಇಡೀ ಕೆರೆಯೇ ಒಂದು ಬ್ಯಾಟರಿಯಂತಾಗುತ್ತದೆ, ಅದರಲ್ಲಿ ಕರಗುವುದು ಅಲ್ಯೂಮಿನಿಯಂ. ಆದರೆ ತಂತಿ ಇಲ್ಲದಿರುವಾಗ ಚಾರ್ಜರ್‌ನೊಳಗೆ ಫೇಸ್ ಸೋರಿದರೆ, ಆ ವಿದ್ಯುತ್ತು ದೋಣಿಯ ಮೈಯಿಂದ ನೀರಿಗೆ ಇಳಿಯುತ್ತದೆ. ಸಿಹಿನೀರಿಗಿಂತ ಮನುಷ್ಯನ ದೇಹದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದರಿಂದ ಸಮುದ್ರಕ್ಕಿಂತ ಕೆರೆಯಲ್ಲೇ ಈಜುವವರಿಗೆ ಅಪಾಯ ಹೆಚ್ಚು. ಸ್ನಾಯುಗಳು ಬಿಗಿದು ಕೈಕಾಲು ಆಡದೆ ಮುಳುಗುತ್ತಾರೆ. ದಡದಲ್ಲಿ ನಿಂತವರಿಗೆ ಕಾರಣವೇ ತಿಳಿಯುವುದಿಲ್ಲ. ಮಕ್ಕಳು ನೀರಿಗಿಳಿಯುವ ಕೆರೆಯಾದರೆ ಆ ತಂತಿಯಿಲ್ಲದೆ ಒಂದು ದಿನವೂ ಚಾರ್ಜ್ ಮಾಡಬೇಡಿ.

ಸವೆತಕ್ಕೆ ಬೇರೆ ದಾರಿಯಿದೆ. ಅರ್ಥಿಂಗ್ ತಂತಿಯ ಸರಣಿಯಲ್ಲಿ ಗ್ಯಾಲ್ವಾನಿಕ್ ಐಸೊಲೇಟರ್ ಹಾಕಿಸಿ. ಅದರೊಳಗಿನ ಡಯೋಡುಗಳು ಸವೆತ ತರುವ, ಸುಮಾರು 1.2 ವೋಲ್ಟ್‌ವರೆಗಿನ ಡಿಸಿಯನ್ನು ತಡೆಯುತ್ತವೆ, ಸೋರಿಕೆಯ ಕರೆಂಟನ್ನು ಮಾತ್ರ ಹೋಗಲು ಬಿಡುತ್ತವೆ. ದೋಣಿಗೆ ಮೆಗ್ನೀಷಿಯಂ ಆನೋಡ್ (ದೋಣಿಯ ಬದಲು ತಾನೇ ಸವೆಯುವ ಲೋಹದ ತುಂಡು) ಕಟ್ಟಿ. ಸತುವಿನದು ಉಪ್ಪುನೀರಿಗೆ ಸರಿ.

ಉತ್ತರ (ಕುಶಾಲನಗರದಿಂದ):
ಮೇಲಿನವರ ಮಾತಿಗೆ ಎರಡು ಸೇರಿಸುತ್ತೇನೆ. ನ್ಯೂಟ್ರಲ್ ಮತ್ತು ಅರ್ಥಿಂಗ್ ಸೇರಬೇಕಾದದ್ದು ದಡದ ಸರಬರಾಜಿನಲ್ಲಿ ಮಾತ್ರ. ದೋಣಿಯಲ್ಲೂ ಸೇರಿಸಿದರೆ ನ್ಯೂಟ್ರಲ್‌ನ ಕರೆಂಟಿನ ಒಂದು ಪಾಲು ನೀರಿನಲ್ಲೇ ಹಿಂತಿರುಗುತ್ತದೆ. ಇನ್ನೊಂದು, ಪಂಪ್‌ಹೌಸ್‌ನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿಯೇ ಸರಬರಾಜು ಕಡಿಯುವ ಸ್ವಿಚ್) ಇದೆಯೇ ನೋಡಿ. ನನ್ನನ್ನು ಕೇಳಿದರೆ, ಬ್ಯಾಟರಿಯನ್ನು ಬಿಚ್ಚಿ ದಡಕ್ಕೆ ತಂದು ಚಾರ್ಜ್ ಮಾಡುವುದೇ ಲೇಸು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಪಂಪ್‌ಹೌಸ್‌ನಲ್ಲಿ ಆರ್‌ಸಿಸಿಬಿ ಇದೆ, ಆದರೆ ಅದರ ಮೇಲೆ 300 ಎಂದು ಬರೆದಿದೆ. ಅದು ಬೆಂಕಿ ತಡೆಯಲು ಇಟ್ಟದ್ದೇ ಹೊರತು ಪ್ರಾಣ ಉಳಿಸಲು ಅಲ್ಲವೆಂದು ಈಗ ತಿಳಿಯಿತು. 30ರದು ಬಂದು ಕೂರುವವರೆಗೆ ಕೇಬಲನ್ನು ಸುತ್ತಿ ಒಳಗಿಟ್ಟಿದ್ದೇನೆ, ಬ್ಯಾಟರಿ ದಡದಲ್ಲಿದೆ.