ಬ್ರಿಸ್ಟಲ್ ಡೆಲ್ಫ್ಟ್ ತಟ್ಟೆಯ ಎಲೆಗಳನ್ನು ಅಷ್ಟು ಅವಸರದಲ್ಲಿ ಯಾಕೆ ಬರೆದರು?

ನೀಲಿಗೆರೆ:
ಇಂಗ್ಲೆಂಡಿನ ಬ್ರಿಸ್ಟಲ್ ಮ್ಯೂಸಿಯಂನಲ್ಲಿ 1760ರ ಸುಮಾರಿನ ಒಂದು ಡೆಲ್ಫ್ಟ್ ತಟ್ಟೆಯ, ಅಂದರೆ ತವರದ ಬಿಳಿ ಲೇಪವಿರುವ ಮಣ್ಣಿನ ತಟ್ಟೆಯ, ಮುಂದೆ ತುಂಬಾ ಹೊತ್ತು ನಿಂತಿದ್ದೆ. ನಡುವೆ ನೀಲಿಯಲ್ಲಿ ಚೀನೀ ಮನೆ, ಮರ, ದೋಣಿ. ಅಂಚಿನ ಸುತ್ತ ಬಿಳಿ ಮೇಲೆ ಬಿಳಿ ಹೂಬಳ್ಳಿ. ಚೀನಾದ ಪಿಂಗಾಣಿ ಅಂದುಕೊಂಡೆ. ಆದರೆ ಅಂಚಿನಲ್ಲಿ ಚಕ್ಕೆ ಎದ್ದ ಕಡೆ ಹಳದಿ ಮಣ್ಣು ಕಂಡಿತು. ಎಲೆಗಳೆಲ್ಲ ಸುಮ್ನೆ ಕುಂಚ ಒತ್ತಿ ಎತ್ತಿದ ಹಾಗಿವೆ. ನನಗೆ ಅದೇ ತುಂಬಾ ಇಷ್ಟವಾಯಿತು. ಅವರಿಗೆ ಅಷ್ಟು ಅವಸರ ಏನಿತ್ತು?

ಮಣ್ಣುಕೈ:
ಅವರಿಗೆ ಬೇರೆ ದಾರಿ ಇರಲಿಲ್ಲ. ಒಮ್ಮೆ ಸುಟ್ಟ ತಟ್ಟೆಯನ್ನು ಸೀಸ, ತವರದ ಬೂದಿ ಸೇರಿದ ಗ್ಲೇಜಿನಲ್ಲಿ (ಸುಟ್ಟಾಗ ಗಾಜಿನಂತಾಗುವ ಲೇಪ) ಅದ್ದುತ್ತಿದ್ದರು. ಆ ಬಿಳುಪು ತವರದ್ದು. ಒಣಗಿದಾಗ ಹಿಟ್ಟು ಬಳಿದಂತಿರುತ್ತದೆ. ಅದರ ಮೇಲೇ ಚಿತ್ರ ಬರೆದು ಮತ್ತೆ ಸುಡಬೇಕು.

ಈ ಕೆಲಸ ಕಲಿಯುವಾಗ ಮೊದಲ ವಾರ ನನ್ನ ಹನ್ನೊಂದು ಟೈಲ್ ಹಾಳಾದವು. ಕುಂಚ ತಾಗಿದ ತಕ್ಷಣ ಗ್ಲೇಜು ಬಣ್ಣ ಹೀರಿಕೊಳ್ಳುತ್ತದೆ. ಒಂದು ಕ್ಷಣ ತಡೆದರೆ ಅಲ್ಲೇ ನೀಲಿ ಗುಡ್ಡೆಯಾಗುತ್ತದೆ. ಒರೆಸಲು ಹೋದರೆ ಗ್ಲೇಜೇ ಕಿತ್ತು ಬರುತ್ತದೆ. ಒತ್ತಿ ಎತ್ತಿದರೆ ಮಾತ್ರ ಎಲೆ ಎಲೆಯಾಗಿ ನಿಲ್ಲುತ್ತದೆ. ನೀವು ನೋಡಿದ ಎಲೆಗಳು ದಿನವಿಡೀ ಅದನ್ನೇ ಬರೆದು ಪಳಗಿದ ಕೈಯವು.

ಹೂಬಳ್ಳಿಯ ನೆಲವನ್ನು ಇನ್ನೊಮ್ಮೆ ಗಮನಿಸಿ. ಅದು ಪೂರ್ತಿ ಬಿಳಿ ಇರುವುದಿಲ್ಲ, ತಿಳಿ ನೀಲಿ ಛಾಯೆ ಇರುತ್ತದೆ. ಅದರ ಮೇಲೆ ಅಚ್ಚ ಬಿಳಿಯಲ್ಲಿ ಹೂ. ಬ್ರಿಸ್ಟಲ್ ಇದಕ್ಕೆ ಹೆಸರುವಾಸಿ. ಲಿವರ್‌ಪೂಲ್, ಲಂಡನ್ನಿನ ಲ್ಯಾಂಬೆತ್‌ನಲ್ಲೂ ಮಾಡಿದ್ದಾರೆ. ಹಾಗಾಗಿ ಬರೀ ಹೂ ನೋಡಿ ಊರು ಹೇಳಬಾರದು.

ಹಳೇಟೈಲ್:
ಲಿವರ್‌ಪೂಲ್ ಟೈಲ್‌ಗಳನ್ನೂ ನೋಡಿ. ಆರು ಗಂಟೆಯೊಳಗೆ 1200ಕ್ಕೂ ಜಾಸ್ತಿ ಟೈಲ್‌ಗಳ ಮೇಲೆ ಚಿತ್ರ ಅಚ್ಚು ಹಾಕಿದೆವು ಅಂತ ಅಲ್ಲಿನ ಮುದ್ರಕರಾದ ಜಾನ್ ಸ್ಯಾಡ್ಲರ್, ಗೈ ಗ್ರೀನ್ 1756ರಲ್ಲಿ ಪ್ರಮಾಣ ಮಾಡಿ ಬರೆದುಕೊಟ್ಟಿದ್ದರು. ಆ ಗೆರೆಗಳು ಬಹಳ ಸೂಕ್ಷ್ಮ. ಆದರೂ ನನ್ನ ಮನಸ್ಸು ಕೈಯಿಂದ ಚಿತ್ರ ಬರೆದ ಟೈಲ್ ಕಡೆಗೇ.

ನೀಲಿಗೆರೆ:
ಇಬ್ಬರಿಗೂ ಧನ್ಯವಾದ. ಚಕ್ಕೆ ಏಳುವುದು ಯಾಕೆ? ನಾನು ನೋಡಿದ ತಟ್ಟೆಗಳಲ್ಲಿ ಮುಕ್ಕಾಗದ್ದೇ ಕಡಿಮೆ.

ಮಣ್ಣುಕೈ:
ಒಳಗಿನ ಮಣ್ಣು ಮೆದು. ಗ್ಲೇಜು ಮೇಲೊಂದು ಪದರವಾಗಿ ಕೂತಿರುತ್ತದೆ, ಅಂಚಿಗೆ ಏನಾದರೂ ತಗುಲಿದರೆ ಹಾರಿಹೋಗುತ್ತದೆ. 1760ರ ದಶಕದಲ್ಲಿ ಇಂಗ್ಲೆಂಡಿನ ಕುಂಬಾರ ವೆಜ್‌ವುಡ್‌ನ ಕೆನೆಬಣ್ಣದ ಗಟ್ಟಿ ತಟ್ಟೆಗಳು ಬಂದ ಮೇಲೆ ಜನ ಅತ್ತ ವಾಲಿದ್ದು ಸಹಜ ಅಲ್ವಾ? ನನಗೆ ಅದನ್ನು ಓದಿದಾಗಲೆಲ್ಲ ಬೇಸರವಾಗುತ್ತದೆ.

ಮುಂದಿನ ಸಲ ತಟ್ಟೆಯ ಹಿಂಬದಿ ಕಾಣುವಂತಿದ್ದರೆ, ಅಂಚಿನ ಕೆಳಗೆ ಮೂರು ಪುಟ್ಟ ಕಲೆ ಹುಡುಕಿ. ಸುಡುವಾಗ ತಟ್ಟೆ ಆತುಕೊಂಡಿದ್ದ ಮಣ್ಣಿನ ಮೊಳೆಗಳ ಗುರುತು ಅವು.